ವೈದ್ಯಸಹಾಯಕ: ಒಂದು ವೃತ್ತಿಯ ಉದಯವೂ ಅದರ ನಾಮವಿಚಾರವೂ

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಇವುಗಳಲ್ಲಿ ಪರಿಚಾರಕನಿಗೆ ವಿಧಿಸಿರುವ ಗುಣಗಳು ಉಪಚಾರಜ್ಞತೆ, ದಾಕ್ಷ್ಯ, ಅನುರಾಗ, ಶೌಚ ಎಂಬ ನಾಲ್ಕು. ಶಾಸ್ತ್ರಪಾಂಡಿತ್ಯವನ್ನು ವೈದ್ಯನಲ್ಲಿ ಮಾತ್ರ ಅಪೇಕ್ಷಿಸಿ, ಪರಿಚಾರಕನಲ್ಲಿ ಕೈಯ ಕುಶಲತೆಯನ್ನೂ ಮನಸ್ಸಿನ ಭಕ್ತಿಯನ್ನೂ ಅಪೇಕ್ಷಿಸಿರುವುದು ಇಲ್ಲಿ ಗಮನಾರ್ಹವಾದುದು. ಈ ಎಲ್ಲೆಯು ಬಹುಕಾಲ ಬಹುದೇಶಗಳಲ್ಲಿ ನಡೆದುಬಂದಿತು. ಶಾಸ್ತ್ರವನ್ನೂ ಬಲ್ಲ, ಆದರೆ ವೈದ್ಯನಲ್ಲದ ಮೂರನೆಯವನೊಬ್ಬನಿಗೆ ವಿಧಿವತ್ತಾದ ವ್ಯಾಸಂಗವನ್ನೂ ಪರೀಕ್ಷೆಯನ್ನೂ ಪ್ರಮಾಣಪತ್ರವನ್ನೂ ಏರ್ಪಡಿಸಿದ ಪ್ರಯೋಗವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆಯಿತು.

ಈ ವೃತ್ತಿಗೆ ಮೊದಲು ಬಂದ ಹೆಸರು 'ಫಿಜಿಷಿಯನ್ಸ್ ಅಸಿಸ್ಟೆಂಟ್' ಎಂಬುದು. ಕನ್ನಡದಲ್ಲಿ ಹೇಳುವುದಾದರೆ 'ವೈದ್ಯನ ಸಹಾಯಕ'. ಕಾಲಕ್ರಮದಲ್ಲಿ ಷಷ್ಠೀ ವಿಭಕ್ತಿಯ ಪ್ರತ್ಯಯವು ಬಿದ್ದುಹೋಗಿ 'ಫಿಜಿಷಿಯನ್ ಅಸಿಸ್ಟೆಂಟ್' ಎಂದಾಯಿತು, ಅಂದರೆ 'ವೈದ್ಯಸಹಾಯಕ'. ಒಂದು ಪ್ರತ್ಯಯದ ಲೋಪವು ಅಲ್ಪವಾದ ಸಂಗತಿಯೆಂದು ತೋರಬಹುದು. ಆದರೆ ಈ ವೃತ್ತಿಯ ಚರಿತ್ರೆಯ ಬಹುಭಾಗವು ಆ ಪ್ರತ್ಯಯವನ್ನು ಕುರಿತ ವಿವಾದವೇ ಆಗಿದೆ. ಸಹಾಯಕನ ವಿದ್ಯೆಗೆ ವೈದ್ಯನ ಮಾತೇ ಪ್ರಮಾಣವೋ, ಅಥವಾ ಅದಕ್ಕೆ ಸ್ವತಂತ್ರವಾದ ಪ್ರಮಾಣವುಂಟೋ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಪ್ರಮಾಣಪತ್ರಕ್ಕೆ ಪೂರ್ವದ ಸ್ಥಿತಿಯನ್ನು ತಿಳಿಯಲು ಉತ್ತರ ಕೆರೋಲೈನಾ ಸಂಸ್ಥಾನದ ಗಾರ್ಲೆಂಡ್ ಎಂಬ ಸಣ್ಣ ಊರನ್ನು ನೋಡಬೇಕು. ಅಲ್ಲಿ ಆಮೋಸ್ ಜಾನ್ಸನ್ ಎಂಬ ವೈದ್ಯರ ಬಳಿ 'ಬಡ್ಡಿ' ಎಂದು ಪ್ರಸಿದ್ಧರಾದ ಹೆನ್ರಿ ಲೀ ಟ್ರೆಡ್‌ವೆಲ್ ಎಂಬ ಆಫ್ರಿಕಮೂಲದ ಅಮೆರಿಕನ್ನರು ಕೆಲಸಕ್ಕಿದ್ದರು. ಅವರು ಯಾವ ವೈದ್ಯಶಾಲೆಯಲ್ಲಿಯೂ ಓದಿದವರಲ್ಲ. ಜಾನ್ಸನ್ನರೇ ಅವರಿಗೆ ರೋಗಿಯನ್ನು ನೋಡುವ ಕ್ರಮವನ್ನೂ ಪರೀಕ್ಷೆಗಳನ್ನೂ ಕಲಿಸಿದರು. ವೃತ್ತಿಸಂಘದ ಕಾರ್ಯಗಳಿಗಾಗಿ ಜಾನ್ಸನ್ನರು ಊರು ಬಿಟ್ಟು ಹೋದಾಗ ಚಿಕಿತ್ಸಾಲಯದ ನಿತ್ಯಕಾರ್ಯವು ಟ್ರೆಡ್‌ವೆಲ್ಲರ ಕೈಯಲ್ಲಿ ನಡೆಯುತ್ತಿದ್ದಿತು. ವರ್ಣಭೇದವು ಶಾಸನವೇ ಆಗಿದ್ದ ಪ್ರದೇಶದಲ್ಲಿ ಇದು ನಡೆಯಿತೆಂಬುದನ್ನು ಮರೆಯಬಾರದು. ಅವರ ವಿದ್ಯೆ ನಿಜವಾದುದೇ. ಆದರೆ ಅದಕ್ಕೆ ಸಾಕ್ಷಿ ಒಬ್ಬನೇ ಒಬ್ಬ ವೈದ್ಯ. ಜಾನ್ಸನ್ನರ ಬಾಗಿಲಿನಿಂದ ಹೊರಗೆ ಆ ವಿದ್ಯೆಗೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಷಷ್ಠೀ ವಿಭಕ್ತಿಯ ಪೂರ್ಣಾರ್ಥವು ಇಲ್ಲಿ ಮೂರ್ತಿವೆತ್ತಿದ್ದಿತೆಂದು ಹೇಳಬಹುದು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕೆಯಲ್ಲಿ ವೈದ್ಯರು ವಿಶೇಷಶಾಖೆಗಳ ಕಡೆಗೂ ನಗರಗಳ ಕಡೆಗೂ ಸರಿದುದರಿಂದ ಗ್ರಾಮಾಂತರಗಳಲ್ಲಿ ವೈದ್ಯರ ಅಭಾವವು ತೋರಿತು. 1961ರಲ್ಲಿ ಚಾರ್ಲ್ಸ್ ಹಡ್ಸನ್ ಎಂಬುವರು ಅಮೆರಿಕಾ ವೈದ್ಯಸಂಘದ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿ, ಯಂತ್ರೋಪಕರಣಗಳ ಕುಶಲಿಗೂ ವೈದ್ಯನಿಗೂ ನಡುವೆ ನಿಲ್ಲತಕ್ಕ, ಸ್ವಲ್ಪಮಟ್ಟಿಗೆ ವೈದ್ಯಕೀಯ ಹೊಣೆಯನ್ನೂ ಹೊರಬಲ್ಲ ಸಹಾಯಕವರ್ಗವೊಂದನ್ನು ತರಬೇತುಗೊಳಿಸಬೇಕೆಂದು ಸೂಚಿಸಿದರು. ಇವರೇ ಮುಂದೆ ಆ ಸಂಘದ ಅಧ್ಯಕ್ಷರಾದುದರಿಂದ ಈ ಸೂಚನೆಯನ್ನು ಹೊರಗಿನವರ ಆಕ್ಷೇಪವೆಂದು ತಳ್ಳಿಹಾಕುವಂತಿರಲಿಲ್ಲ.

ಸೂಚನೆಯನ್ನು ಕಾರ್ಯರೂಪಕ್ಕೆ ತಂದವರು ಉತ್ತರ ಕೆರೋಲೈನಾದ ಡ್ಯೂಕ್ ವಿಶ್ವವಿದ್ಯಾನಿಲಯದ ವೈದ್ಯವಿಭಾಗದ ಮುಖ್ಯಸ್ಥರಾದ ಯೂಜೀನ್ ಸ್ಟೆಡ್ಡರು. ಇವರು 1908ರ ಅಕ್ಟೋಬರ್ 6ರಂದು ಜನಿಸಿ 2005ರಲ್ಲಿ ತೀರಿಕೊಂಡರು. ಯುದ್ಧಕಾಲದಲ್ಲಿ ವೈದ್ಯಶಿಕ್ಷಣದ ಅವಧಿಯನ್ನು ಮೂರು ವರ್ಷಗಳಿಗೆ ಇಳಿಸಿದ್ದನ್ನು ಅವರು ಬಲ್ಲವರು. ಜಾನ್ಸನ್, ಟ್ರೆಡ್‌ವೆಲ್ಲರ ಕಾರ್ಯಕ್ರಮವನ್ನೂ ಬಲ್ಲವರು. ಆದರೆ ಅವರ ಮೊದಲ ಯೋಚನೆ ದಾದಿಯರನ್ನು ಕುರಿತುದಾಗಿದ್ದಿತು. ಥೆಲ್ಮಾ ಇಂಗಲ್ಸ್ ಎಂಬ ದಾದಿಯರ ಅಧ್ಯಾಪಿಕೆಯೊಡನೆ ಸೇರಿ 1950ರ ದಶಕದ ಕೊನೆಯಲ್ಲಿ ದಾದಿಯರಿಗೆ ಉನ್ನತ ಚಿಕಿತ್ಸಾಶಿಕ್ಷಣವನ್ನು ಕೊಡುವ ವ್ಯಾಸಂಗವನ್ನು ಅವರು ಏರ್ಪಡಿಸಿದರು. ದಾದಿಯರ ಶಿಕ್ಷಣಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಯು ಅದನ್ನು ಅಂಗೀಕರಿಸಲಿಲ್ಲ. ದಾದಿಯರ ಧರ್ಮವು ವೈದ್ಯಧರ್ಮದ ಅಂಶವಲ್ಲ, ಅದು ಸ್ವತಂತ್ರವಾದ ಶಾಸ್ತ್ರ ಎಂಬ ಭಾವನೆ ಆ ನಿರಾಕರಣೆಯ ಹಿಂದೆ ಇದ್ದಿತು. ಷಷ್ಠೀ ವಿಭಕ್ತಿಯನ್ನು ಒಲ್ಲೆನೆಂದವರಲ್ಲಿ ದಾದಿಯರೇ ಮೊದಲಿಗರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಗ ಸ್ಟೆಡ್ಡರ ದೃಷ್ಟಿಯು ನೌಕಾಪಡೆಯಿಂದ ಬಿಡುಗಡೆಹೊಂದಿದ ವೈದ್ಯಭಟರ ಮೇಲೆ ಬಿದ್ದಿತು. ಹಡಗುಗಳಲ್ಲಿಯೂ ಯುದ್ಧಭೂಮಿಯಲ್ಲಿಯೂ ಗಾಯಗಳನ್ನು ಕಟ್ಟಿ, ಪ್ರಾಣಗಳನ್ನು ಉಳಿಸಿದ ಇವರಿಗೆ ನಾಡಿಗೆ ಮರಳಿದ ಬಳಿಕ ಆ ವಿದ್ಯೆಯಿಂದ ಬದುಕುವ ಮಾರ್ಗವಿರಲಿಲ್ಲ. 1965ರಲ್ಲಿ ನಾಲ್ವರು ಮಾಜಿ ವೈದ್ಯಭಟರೊಡನೆ ಡ್ಯೂಕ್‌ನಲ್ಲಿ ಎರಡು ವರ್ಷಗಳ ವ್ಯಾಸಂಗವು ಆರಂಭವಾಯಿತು. ಮೊದಲು ಶಾಸ್ತ್ರಪಾಠ, ತರುವಾಯ ಆಸ್ಪತ್ರೆಯ ವಿಭಾಗಗಳಲ್ಲಿ ರೋಗಿಗಳ ಮುಂದೆ ಅಭ್ಯಾಸ ಎಂಬುದು ಕ್ರಮ. ವೈದ್ಯಶಿಕ್ಷಣದ ಮಾದರಿಯನ್ನೇ ಸಂಗ್ರಹಿಸಿ ಇದನ್ನು ರಚಿಸಿದ್ದರು. 1967ರ ಅಕ್ಟೋಬರ್ 6ರಂದು, ಸ್ಟೆಡ್ಡರ ಜನ್ಮದಿನದಂದೇ, ಅವರಲ್ಲಿ ಮೂವರು ಉತ್ತೀರ್ಣರಾಗಿ ಹೊರಬಂದರು. ಮರುವರ್ಷವೇ ಈ ವೃತ್ತಿಯವರ ರಾಷ್ಟ್ರೀಯ ಪರಿಷತ್ತು ಸ್ಥಾಪಿತವಾಯಿತು.

ಇದೇ ಕಾಲದಲ್ಲಿ ಬೇರೆಡೆಗಳಲ್ಲಿಯೂ ಇಂತಹ ಯತ್ನಗಳು ನಡೆದವು. ಪಶ್ಚಿಮ ವರ್ಜೀನಿಯದ ಆಲ್ಡರ್‌ಸನ್ ಬ್ರಾಡಸ್ ಕಾಲೇಜು 1968ರಲ್ಲಿ ಇದನ್ನು ನಾಲ್ಕು ವರ್ಷಗಳ ಪದವೀವ್ಯಾಸಂಗವನ್ನಾಗಿ ಮಾಡಿತು. ಕೊಲರಾಡೊದಲ್ಲಿ ಹೆನ್ರಿ ಸಿಲ್ವರ್ ಅವರು ಶಿಶುಚಿಕಿತ್ಸೆಗಾಗಿ ಪ್ರತ್ಯೇಕ ಸಹಾಯಕವರ್ಗವನ್ನು ಕಲ್ಪಿಸಿದರು. 1969ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ಮಿತ್ ಅವರು ಸ್ಥಾಪಿಸಿದ 'ಮೆಡೆಕ್ಸ್' ವಿಶೇಷವಾಗಿ ಉಲ್ಲೇಖಾರ್ಹವಾದುದು. ನೈಜೀರಿಯಾದಲ್ಲಿ ಸೇವೆಮಾಡಿ ಬಂದ ಈ ಆಫ್ರಿಕಮೂಲದ ವೈದ್ಯರು ಮಾಜಿ ವೈದ್ಯಭಟರಿಗೆ ಕೆಲವು ತಿಂಗಳ ಪಾಠವನ್ನು ಹೇಳಿಸಿ, ಆಮೇಲೆ ಸುಮಾರು ಒಂದು ವರ್ಷ ಹಳ್ಳಿಯ ವೈದ್ಯರ ಬಳಿಯಲ್ಲಿಯೇ ಇರಿಸಿ ಕಲಿಸಿದರು. 'ಮೆಡೆಕ್ಸ್' ಎಂಬುದು ವೈದ್ಯನ ವಿಸ್ತರಣೆ ಎಂಬರ್ಥದ ಫ್ರೆಂಚ್ ಪದಗಳ ಸಂಕ್ಷೇಪ. ವೈದ್ಯನ ತೋಳು ನೀಳವಾದಂತೆ ಎಂಬ ಕಲ್ಪನೆ ಇದರಲ್ಲಿದೆ. ತೋಳಿಗೆ ತನ್ನದೇ ಬುದ್ಧಿಯುಂಟೆಂಬುದನ್ನು ಆ ಹೆಸರು ಹೇಳುವುದಿಲ್ಲ.

ಉತ್ತೀರ್ಣರಾದವರು ಕೆಲಸಮಾಡಲು ಶಾಸನದ ಆಧಾರ ಬೇಕಾಗಿದ್ದಿತು. ವೈದ್ಯನು ತನ್ನ ಕಾರ್ಯವನ್ನು ತನ್ನ ಹೊಣೆಯ ಮೇಲೆ ಇನ್ನೊಬ್ಬನಿಗೆ ವಹಿಸಬಹುದೆಂಬ ತತ್ತ್ವವನ್ನು ಸಂಸ್ಥಾನಗಳು ಒಂದೊಂದಾಗಿ ಅಂಗೀಕರಿಸಿದವು. ಉತ್ತರ ಕೆರೋಲೈನಾದ ಶಾಸನವು 1971ರಲ್ಲಿ ತಿದ್ದುಪಡಿಯಾಯಿತು. ಕಟ್ಟಕಡೆಯದಾಗಿ ಮಿಸಿಸಿಪ್ಪಿ ಸಂಸ್ಥಾನವು ಒಪ್ಪಿದುದು 2000ದಲ್ಲಿ. ಆದರೆ ವಹಿಸಿಕೊಡುವ ವೈದ್ಯನ ಮಾತೊಂದೇ ಸಾಕೇ? 1973ರಲ್ಲಿ ವೈದ್ಯರ ರಾಷ್ಟ್ರೀಯ ಪರೀಕ್ಷಾಮಂಡಲಿಯು ಸಹಾಯಕರಿಗಾಗಿ ಮೊದಲ ಪರೀಕ್ಷೆಯನ್ನು ನಡೆಸಿತು. ಬಳಿಕ ಪ್ರಮಾಣಪತ್ರವನ್ನು ಕೊಡುವುದಕ್ಕಾಗಿಯೇ ಪ್ರತ್ಯೇಕವಾದ ರಾಷ್ಟ್ರೀಯ ಆಯೋಗವು ಏರ್ಪಟ್ಟಿತು. ಅಂದಿನಿಂದ ಸಹಾಯಕನ ವಿದ್ಯೆಗೆ ಅವನ ಯಜಮಾನನಲ್ಲದ ಸಾಕ್ಷಿಯೊಂದು ದೊರೆತಂತಾಯಿತು. ಒಬ್ಬ ವೈದ್ಯನನ್ನು ಬಿಟ್ಟು ಇನ್ನೊಬ್ಬ ವೈದ್ಯನ ಬಳಿಗೆ ಹೋದರೂ ಅವನ ವಿದ್ಯೆ ಅವನೊಡನೆ ಹೋಗುವಂತಾಯಿತು.

ಈ ಲಾಭಕ್ಕೆ ಒಂದು ಬೆಲೆಯೂ ಇದ್ದಿತು. ಆರಂಭದ ವರ್ಷಗಳಲ್ಲಿ ವೈದ್ಯರ ಬಳಿ ರೂಢಿಯಿಂದಲೇ ಕಲಿತವರಿಗೂ ಆ ಪರೀಕ್ಷೆಗೆ ಪ್ರವೇಶವಿದ್ದಿತು. 1980ರ ದಶಕದಲ್ಲಿ ಆ ಬಾಗಿಲನ್ನು ಮುಚ್ಚಲಾಯಿತು. ಈಗ ಮಾನ್ಯತೆ ಪಡೆದ ವ್ಯಾಸಂಗದಲ್ಲಿ, ಸಾಮಾನ್ಯವಾಗಿ ಎರಡು ವರ್ಷಗಳಿಗೆ ಮೀರಿದ ಸ್ನಾತಕೋತ್ತರ ಅವಧಿಯಲ್ಲಿ, ಉತ್ತೀರ್ಣನಾದವನೇ 300 ಪ್ರಶ್ನೆಗಳ ಪ್ರಮಾಣಪರೀಕ್ಷೆಗೆ ಕುಳಿತುಕೊಳ್ಳಬೇಕು. ಒಮ್ಮೆ ಗೆದ್ದರೆ ಮುಗಿಯಲಿಲ್ಲ. ಎರಡೆರಡು ವರ್ಷಗಳಿಗೆ 100 ಗಂಟೆಗಳ ಮುಂದುವರಿದ ಶಿಕ್ಷಣವನ್ನು ತೋರಿಸಬೇಕು, ಹತ್ತು ವರ್ಷಗಳ ಆವರ್ತದಲ್ಲಿ ಮತ್ತೆ ಪರೀಕ್ಷೆಗೆ ಒಳಗಾಗಬೇಕು. ಟ್ರೆಡ್‌ವೆಲ್ಲರಂತಹವರು ಇಂದು ಈ ವೃತ್ತಿಯನ್ನು ಪ್ರವೇಶಿಸಲಾರರು. ಯಾರ ಉದಾಹರಣೆಯಿಂದ ಮಾರ್ಗವು ಕಾಣಿಸಿತೋ ಅವರಿಗೇ ಮಾರ್ಗವಿಲ್ಲವಾದುದು ಚರಿತ್ರೆಯ ವೈಚಿತ್ರ್ಯಗಳಲ್ಲಿ ಒಂದು. ಆದರೂ ಅಪರಿಚಿತನಾದ ರೋಗಿಯ ದೃಷ್ಟಿಯಿಂದ ನೋಡಿದರೆ ಈ ಬಿಗಿಯು ಅನ್ಯಾಯವೆಂದು ಹೇಳಲು ಬರುವುದಿಲ್ಲ. ಜಾನ್ಸನ್ನರ ಮಾತನ್ನು ಗಾರ್ಲೆಂಡಿನವರು ನಂಬಬಹುದಾಗಿದ್ದಿತು. ಜಾನ್ಸನ್ನರನ್ನು ಅರಿಯದವನು ಯಾವುದನ್ನು ನಂಬಬೇಕು?

ಪ್ರಮಾಣಪತ್ರ ಪಡೆದ ಸಹಾಯಕನ ನಿತ್ಯಕಾರ್ಯವಾದರೂ ಅಲ್ಪವಾದುದಲ್ಲ. ರೋಗಿಯ ವೃತ್ತಾಂತವನ್ನು ಕೇಳುವುದು, ದೇಹಪರೀಕ್ಷೆ, ರಕ್ತಾದಿ ಪರೀಕ್ಷೆಗಳ ಆಜ್ಞೆ, ರೋಗನಿರ್ಣಯ, ಗಾಯಗಳ ಹೊಲಿಗೆ, ಶಸ್ತ್ರಚಿಕಿತ್ಸೆಯಲ್ಲಿ ನೆರವು, ಔಷಧಗಳನ್ನು ಬರೆದುಕೊಡುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಒಂದು ವಿಶೇಷಶಾಖೆಯಿಂದ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯವು ವೈದ್ಯನಿಗಿಂತ ಇವನಿಗೇ ಹೆಚ್ಚು. ಆದರೆ ಎಲ್ಲಿ ತನ್ನ ತಿಳಿವು ನಿಲ್ಲುವುದೋ ಅಲ್ಲಿ ವೈದ್ಯನನ್ನು ಕರೆಯಬೇಕೆಂಬುದು ಈ ವೃತ್ತಿಯ ಮೂಲಧರ್ಮ. ತನ್ನ ಎಲ್ಲೆಯನ್ನು ತಾನೇ ಕಾಣುವ ಆ ವಿವೇಕವು ಪ್ರಶ್ನಪತ್ರಿಕೆಯಿಂದ ಸುಲಭವಾಗಿ ಅಳೆಯತಕ್ಕದ್ದಲ್ಲ.

ವಿದ್ಯೆಗೆ ಸ್ವತಂತ್ರ ಪ್ರಮಾಣ ದೊರೆತ ಮೇಲೆ ಹೆಸರಿನ ಪ್ರಶ್ನೆ ಏಳುವುದು ಸಹಜವೇ. ಷಷ್ಠೀ ಪ್ರತ್ಯಯವು ಮೊದಲು ಲೋಪವಾಯಿತು. ಅನಂತರ 2021ರಲ್ಲಿ ಅಮೆರಿಕೆಯ ಪರಿಷತ್ತು 'ಸಹಾಯಕ' ಎಂಬುದನ್ನೂ ಬಿಟ್ಟು 'ಅಸೋಸಿಯೇಟ್', ಎಂದರೆ 'ಸಹವರ್ತಿ', ಎಂಬ ಪದವನ್ನು ಆರಿಸಿಕೊಂಡಿತು. 2024ರಲ್ಲಿ ಆರೆಗಾನ್ ಸಂಸ್ಥಾನವು ಈ ಹೆಸರನ್ನು ಶಾಸನದಲ್ಲಿಯೇ ಸೇರಿಸಿತು. ಅಟ್ಲಾಂಟಿಕ್ ಸಾಗರದ ಆಚೆ ಬ್ರಿಟನ್ನಿನಲ್ಲಿ ಪ್ರವಾಹವು ವಿಪರೀತವಾಗಿ ಹರಿಯಿತು. ಅಲ್ಲಿ 'ಸಹವರ್ತಿ' ಎಂಬ ಹೆಸರೇ ರೂಢಿಯಾಗಿದ್ದಿತು. ತನ್ನನ್ನು ನೋಡಿದವರು ವೈದ್ಯರೇ ಎಂದು ನಂಬಿದ್ದ ರೋಗಿಯೊಬ್ಬರು 2022ರಲ್ಲಿ ಮೃತರಾದುದು ದೊಡ್ಡ ಚರ್ಚೆಗೆ ಕಾರಣವಾಯಿತು. 2025ರ ಜುಲೈನಲ್ಲಿ ಜಿಲಿಯನ್ ಲೆಂಗ್ ಅವರ ವಿಮರ್ಶನವರದಿಯು 'ಸಹಾಯಕ' ಎಂಬ ಹಳೆಯ ಹೆಸರಿಗೇ ಹಿಂದಿರುಗಬೇಕೆಂದು ಸಲಹೆಮಾಡಿತು. ಒಂದು ದೇಶದಲ್ಲಿ ಹೆಸರು ವೃತ್ತಿಯವನ ಗೌರವಕ್ಕಾಗಿ ಬದಲಾಯಿತು. ಇನ್ನೊಂದರಲ್ಲಿ ರೋಗಿಯ ತಿಳಿವಿಗಾಗಿ ಬದಲಾಗಬೇಕೆನಿಸಿತು.

ನಮ್ಮ ನಾಡಿಗೂ ಈ ಬಗೆಯ ನಾಮಾಂತರಗಳು ಹೊಸವಲ್ಲ. ಬ್ರಿಟಿಷರ ಆಡಳಿತದಲ್ಲಿ 'ಹಾಸ್ಪಿಟಲ್ ಅಸಿಸ್ಟೆಂಟ್' ಎನಿಸಿಕೊಂಡವರು ಮುಂದೆ 'ಸಬ್ ಅಸಿಸ್ಟೆಂಟ್ ಸರ್ಜನ್' ಎನಿಸಿಕೊಂಡರು. ಹಳ್ಳಿಯ ಜನರಿಗೆ ಎರಡು ಹೆಸರುಗಳಲ್ಲಿಯೂ ಅವರು 'ಡಾಕ್ಟರು' ಎಂದೇ ಇದ್ದರು. 1946ರ ಭೋರ್ ಸಮಿತಿಯು ಲೈಸೆನ್ಷಿಯೇಟ್ ಶಿಕ್ಷಣವನ್ನು ನಿಲ್ಲಿಸಿ ಒಂದೇ ಮಟ್ಟದ ವೈದ್ಯರಿರಬೇಕೆಂದಿತು. ಅಮೆರಿಕೆಯ ಮಾದರಿಯ ಸಹಾಯಕರ ಶಿಕ್ಷಣವು 1992ರಲ್ಲಿ ಮದರಾಸಿನಲ್ಲಿ ಹೃದಯಶಸ್ತ್ರವೈದ್ಯರಾದ ಕೆ. ಎಂ. ಚೆರಿಯನ್ ಅವರ ಯತ್ನದಿಂದ ಆರಂಭವಾಯಿತು. 2021ರ ಕೇಂದ್ರಶಾಸನವು ಸಹಯೋಗಿ ಆರೋಗ್ಯವೃತ್ತಿಗಳ ಪಟ್ಟಿಯಲ್ಲಿ ಈ ವೃತ್ತಿಯನ್ನೂ ಸೇರಿಸಿದೆ.

ಸಮಾಸದಲ್ಲಿ ವಿಭಕ್ತಿಪ್ರತ್ಯಯವು ಲೋಪವಾದರೂ ಅದರ ಅರ್ಥವು ಲೋಪವಾಗುವುದಿಲ್ಲವೆಂದು ವ್ಯಾಕರಣವನ್ನು ಓದಿದವರೆಲ್ಲರೂ ಬಲ್ಲರು. 'ವೈದ್ಯಸಹಾಯಕ' ಎಂಬ ಪದವನ್ನು ಬಿಡಿಸಿದರೆ 'ವೈದ್ಯನ ಸಹಾಯಕ' ಎಂದೇ ಆಗುತ್ತದೆ. ಆದರೆ ಅರವತ್ತು ವರ್ಷಗಳ ಚರಿತ್ರೆಯು ಆ ಷಷ್ಠಿಗೆ ಬೇರೊಂದು ಅರ್ಥವನ್ನು ತಂದುಕೊಟ್ಟಿದೆ. ಟ್ರೆಡ್‌ವೆಲ್ಲರ ಕಾಲದಲ್ಲಿ ಅದು ಸ್ವಾಮ್ಯವನ್ನು ಹೇಳುತ್ತಿದ್ದಿತು. ಪ್ರಮಾಣಪತ್ರವು ಬಂದ ಮೇಲೆ ಅದು ಸಂಬಂಧವನ್ನು ಹೇಳುತ್ತದೆ. ವಿದ್ಯೆ ಸಹಾಯಕನದೇ, ಹೊಣೆ ಇಬ್ಬರದು. ಆ ಹೊಣೆ ಯಾರಲ್ಲಿ ಎಷ್ಟು ಎಂಬುದು ಹಾಸಿಗೆಯಲ್ಲಿ ಮಲಗಿರುವ ನಾಲ್ಕನೆಯ ಪಾದಕ್ಕೆ, ಎಂದರೆ ರೋಗಿಗೆ, ಸ್ಪಷ್ಟವಾಗಿ ತಿಳಿಯುವಂತಿದ್ದರೆ ಹೆಸರು ಯಾವುದಾದರೂ ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುವುದು.