ಏಕಾಂಗಿ ಅಲೆಯಿಂದ ಸುನಿರೂಪಿತತೆಯವರೆಗೆ: ಕೊರ್ಟೆವೆಗ್–ಡಿ ಫ್ರೀಸ್ ಸಮೀಕರಣದ ಚರಿತ್ರೆ

ಭೌತಿಕ ವಿದ್ಯಮಾನವೊಂದನ್ನು ಸಮೀಕರಣದ ರೂಪದಲ್ಲಿ ಬರೆದ ಮಾತ್ರಕ್ಕೆ ಆ ಸಮೀಕರಣಕ್ಕೆ ಪರಿಹಾರವಿದೆ ಎಂದು ಸಿದ್ಧವಾಗುವುದಿಲ್ಲ. ಪರಿಹಾರ ಇರಬೇಕು, ಅದು ಏಕೈಕವಾಗಿರಬೇಕು, ಆರಂಭಿಕ ಸ್ಥಿತಿ ಅತ್ಯಲ್ಪವಾಗಿ ಬದಲಾದರೆ ಪರಿಹಾರವೂ ಅತ್ಯಲ್ಪವಾಗಿಯೇ ಬದಲಾಗಬೇಕು. ಫ್ರಾನ್ಸಿನ ಗಣಿತಜ್ಞ ಜಾಕ್ ಹಡಮಾರ್ 1902ರಿಂದ ಮೊದಲ್ಗೊಂಡು ರೂಪಿಸಿದ ಈ ವಿಚಾರಕ್ಕೆ ಹೊಂದುವ ಸಮಸ್ಯೆಯನ್ನು ‘ಸುನಿರೂಪಿತ’ ಎನ್ನಬಹುದು. ಅಲೆಗಳ ಗಣಿತದಲ್ಲಿ ಈ ಪ್ರಶ್ನೆಯ ಬೆಳವಣಿಗೆಯನ್ನು ತಿಳಿಯಲು ಕೊರ್ಟೆವೆಗ್–ಡಿ ಫ್ರೀಸ್ ಸಮೀಕರಣದ ಚರಿತ್ರೆ ಉತ್ತಮ ನಿದರ್ಶನವಾಗಿದೆ.

1834ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್, ಎಡಿನ್‌ಬರೋ ಸಮೀಪದ ಯೂನಿಯನ್ ಕಾಲುವೆಯಲ್ಲಿ ಕುದುರೆಗಳು ಎಳೆಯುತ್ತಿದ್ದ ದೋಣಿ ಹಠಾತ್ತನೆ ನಿಂತಾಗ ಒಂದೇ ಒಂದು ಉಬ್ಬಿದ ಅಲೆ ಮುಂದೆ ಹೊರಟುದನ್ನು ಕಂಡರು. ಸುಮಾರು 30 ಅಡಿ ಉದ್ದ, ಒಂದರಿಂದ ಒಂದೂವರೆ ಅಡಿ ಎತ್ತರವಿದ್ದ ಆ ಅಲೆಯನ್ನು ಅವರು ಕುದುರೆಯೇರಿ ಒಂದೆರಡು ಮೈಲಿ ಹಿಂಬಾಲಿಸಿದರು. ಅವರ 1844ರ ವರದಿಯನ್ನು ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಅಂದಿನ ಆಳವಿಲ್ಲದ ನೀರಿನ ಸಿದ್ಧಾಂತದಂತೆ ಎತ್ತರದ ಭಾಗ ವೇಗವಾಗಿ ಸಾಗುವುದರಿಂದ ಅಲೆಯ ಮುಂಭಾಗ ಕಡಿದಾಗುತ್ತ ಹೋಗಬೇಕಿತ್ತು. ರೂಪಗೆಡದ ಅಲೆ ಅಸಾಧ್ಯವೆಂಬುದು 1845ರಲ್ಲಿ ಜಾರ್ಜ್ ಏರಿ ಅವರ ನಿಲುವಾಗಿತ್ತು.

ಆ ಸಿದ್ಧಾಂತ ಬಿಟ್ಟುಬಿಟ್ಟಿದ್ದ ಅಂಶವೆಂದರೆ ಪ್ರಕೀರ್ಣನ, ಅಂದರೆ ಭಿನ್ನ ಉದ್ದದ ಅಲೆಗಳು ಭಿನ್ನ ವೇಗದಲ್ಲಿ ಸಾಗಿ ಹರಡಿಹೋಗುವ ಗುಣ. ಅರೈಖಿಕತೆಯಿಂದಾಗುವ ಕಡಿದಾಗುವಿಕೆಯನ್ನು ಈ ಹರಡುವಿಕೆ ಸರಿದೂಗಿಸುತ್ತದೆ ಎಂಬುದನ್ನು 1870ರ ದಶಕದಲ್ಲಿ ಬೂಸಿನೆಸ್ಕ್ ಮತ್ತು ರೇಲಿ ತೋರಿಸಿದರು. 1895ರಲ್ಲಿ ಡಚ್ ಗಣಿತಜ್ಞರಾದ ಕೊರ್ಟೆವೆಗ್ ಹಾಗೂ ಅವರ ಶಿಷ್ಯ ಡಿ ಫ್ರೀಸ್ ಪ್ರಕಟಿಸಿದ ಲೇಖನದಿಂದ ಸಮೀಕರಣಕ್ಕೆ ಇಂದಿನ ಹೆಸರು ಬಂದಿತು. 1965ರಲ್ಲಿ ಜಬುಸ್ಕಿ ಮತ್ತು ಕ್ರುಸ್ಕಲ್ ಗಣಕಯಂತ್ರದ ನೆರವಿನಿಂದ, ಇಂತಹ ಅಲೆಗಳು ಪರಸ್ಪರ ಹಾಯ್ದುಹೋದ ಮೇಲೂ ತಮ್ಮ ರೂಪವನ್ನು ಉಳಿಸಿಕೊಳ್ಳುವುದನ್ನು ಕಂಡು ‘ಸಾಲಿಟಾನ್’ ಎಂದು ಹೆಸರಿಟ್ಟರು. 1967ರಲ್ಲಿ ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್ ಮತ್ತು ಮಿಯುರಾ ಈ ಸಮೀಕರಣಕ್ಕೂ ಶ್ರೋಡಿಂಗರ್ ಸಮೀಕರಣಕ್ಕೂ ಇರುವ ಆಳವಾದ ನಂಟನ್ನು ಪ್ರಕಟಿಸಿದರು.

ಆದರೆ ಇವು ವಿಶಿಷ್ಟ ಪರಿಹಾರಗಳ ಅಥವಾ ನಯವಾದ ದತ್ತಾಂಶಗಳ ಕಥೆ. ಆರಂಭಿಕ ಅಲೆ ಎಷ್ಟು ಒರಟಾಗಿದ್ದರೂ ಸಮೀಕರಣ ಅರ್ಥಪೂರ್ಣವಾಗಿ ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಒರಟುತನವನ್ನು ಸೊಬೊಲೆವ್ ಸೂಚ್ಯಂಕದಿಂದ ಅಳೆಯುತ್ತಾರೆ. ಸೂಚ್ಯಂಕ ಇಳಿದಷ್ಟೂ ದತ್ತಾಂಶ ಹೆಚ್ಚು ಒರಟು. ಅನಂತ ರೇಖೆಯ ಮೇಲಿನ ಸಮಸ್ಯೆಗೆ 1975ರಲ್ಲಿ ಬೋನ ಮತ್ತು ಸ್ಮಿತ್ 2ನ್ನೂ 1983ರಲ್ಲಿ ಕಾಟೊ 3/2ನ್ನೂ ಮುಟ್ಟಿದರು. ಈ ವಿಧಾನಗಳು ಪ್ರಕೀರ್ಣನದ ಬಲವನ್ನು ಪೂರ್ಣವಾಗಿ ಬಳಸಿರಲಿಲ್ಲ. ಅದನ್ನು ಬಳಸಿದ ಕೆನಿಗ್, ಪೊನ್ಸೆ ಮತ್ತು ವೇಗ 1991ರಲ್ಲಿ 3/4ರ ಮಟ್ಟಕ್ಕೆ ಬಂದರು. 1993ರಲ್ಲಿ ಬೂರ್ಗೇನ್ ಹೊಸ ಫಲನಾವಕಾಶಗಳನ್ನು ಕಲ್ಪಿಸಿ ಶೂನ್ಯವನ್ನು ತಲುಪಿದರು. 1996ರಲ್ಲಿ ಹಿಂದಿನ ಮೂವರೇ −3/4ರ ಮೇಲಿನವೆಲ್ಲವನ್ನೂ ಸೇರಿಸಿದರು.

ಅಲ್ಲಿ ಗೋಡೆಯೊಂದು ಎದುರಾಯಿತು. ಪುನರಾವರ್ತನೆಯಿಂದ ಪರಿಹಾರವನ್ನು ಕಟ್ಟುವ ವಿಧಾನ ಫಲಿಸಿದರೆ, ಪರಿಹಾರವು ದತ್ತಾಂಶವನ್ನು ಅತ್ಯಂತ ನಯವಾಗಿ ಅವಲಂಬಿಸಬೇಕಾಗುತ್ತದೆ. −3/4ರ ಕೆಳಗೆ ಏಕರೂಪ ಸಾತತ್ಯವೂ ಉಳಿಯದೆಂದು 2003ರಲ್ಲಿ ಕ್ರೈಸ್ಟ್, ಕೊಲಿಯಾಂಡರ್ ಮತ್ತು ಟಾವೊ ತೋರಿಸಿದರು. ಆದರೆ ಹಡಮಾರ್‌ರ ವಿಚಾರ ಬಯಸುವುದು ಸಾತತ್ಯವನ್ನು ಮಾತ್ರ. ಆದುದರಿಂದ ಅದು ವಿಧಾನದ ಮೇರೆಯಾಗಿತ್ತು, ಸಮೀಕರಣದ ಮೇರೆಯಾಗಿರಲಿಲ್ಲ. ಆವರ್ತಕ ಅಲೆಗಳಿಗೆ −1ರವರೆಗೂ ಸುನಿರೂಪಿತತೆ ಉಂಟೆಂದು 2006ರಲ್ಲಿ ಕಾಪೆಲರ್ ಮತ್ತು ತೊಪಾಲೊವ್ ಸಾಧಿಸಿದರು. −1ಕ್ಕಿಂತ ಕೆಳಗೆ ಸಾತತ್ಯವೇ ಕಳೆದುಹೋಗುವುದೆಂದು ಮೊಲಿನೆ 2011ರಲ್ಲಿ ಸಿದ್ಧಪಡಿಸಿದರು. ಕೊನೆಗೆ 2019ರಲ್ಲಿ ಕಿಲಿಪ್ ಮತ್ತು ವಿಶನ್ ಅನಂತ ರೇಖೆಯ ಮೇಲೂ −1ನ್ನು ತಲುಪಿದರು. ಅವರಿಗೆ ನೆರವಾದುದು 1967ರ ಶೋಧದಿಂದ ಬೆಳೆದುಬಂದ ಸಂರಕ್ಷಿತ ರಾಶಿಗಳ ರಚನೆಯೇ.

ಈ ಚರಿತ್ರೆಯಲ್ಲಿ ಒಂದೇ ಬಗೆಯ ತೊಡಕು ಎರಡು ಬಾರಿ ಕಾಣುತ್ತದೆ. ಏರಿ ಅವರ ಸಿದ್ಧಾಂತದ ಮಿತಿ ನಿಸರ್ಗದ ಮಿತಿಯಂತೆ ತೋರಿತು. −3/4ರ ಗೋಡೆ ಸಮೀಕರಣದ ಮಿತಿಯಂತೆ ತೋರಿತು. ಉಪಕರಣದ ಕೊನೆಯನ್ನು ವಸ್ತುವಿನ ಕೊನೆಯೆಂದು ಭಾವಿಸದಿರುವ ಎಚ್ಚರವೇ ಎರಡೂ ಸಂದರ್ಭಗಳಲ್ಲಿ ಮುಂದಿನ ದಾರಿಯನ್ನು ತೆರೆಯಿತು.