ಓಡಿದರೆ ಕಾಲು ದಪ್ಪವಾಗುತ್ತದೆಯೇ? ಹರಿದಾಡುತ್ತಿರುವ ಮಾತಿನ ನಿಜಾಂಶ ಇಲ್ಲಿದೆ

"ದಿನಾ ಓಡಿದರೆ ತೊಡೆ, ಮೀನಖಂಡ ದಪ್ಪ ಆಗುತ್ತೆ. ಹೆಣ್ಣುಮಕ್ಕಳ ಕಾಲು ಗಂಡಸರ ಕಾಲಿನ ಹಾಗೆ ಕಾಣುತ್ತೆ. ಓಟ ಬೇಡ, ನಡಿಗೆ ಸಾಕು." ಇಂಥ ಸಲಹೆ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ, ರೀಲ್ಸ್‌ಗಳಲ್ಲಿ, ಮನೆಯ ಹಿರಿಯರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಜೊತೆಗೆ ಒಂದು ಫೋಟೊ ಇರುತ್ತದೆ: ಒಂದು ಕಡೆ ದಷ್ಟಪುಷ್ಟ ತೊಡೆಯ ವೇಗದ ಓಟಗಾರ, ಇನ್ನೊಂದು ಕಡೆ ಸಪೂರ ಕಾಲಿನ ಮಾಡೆಲ್. ನೋಡಿದ ಕೂಡಲೇ ಹೌದಲ್ಲ ಅನ್ನಿಸುತ್ತದೆ. ಆದರೆ ಇದು ನಿಜವೇ?

ಚುಟುಕು ಉತ್ತರ

ಇಲ್ಲ. ವಾರಕ್ಕೆ ಕೆಲವು ದಿನ, ಸಾಧಾರಣ ವೇಗದಲ್ಲಿ ಮೂರು ಅಥವಾ ಐದು ಕಿಲೋಮೀಟರ್ ಓಡುವುದರಿಂದ ಕಾಲಿನ ಸ್ನಾಯುಗಳು ಉಬ್ಬಿ ದಪ್ಪವಾಗುವುದಿಲ್ಲ. ಸ್ವಲ್ಪ ಗಟ್ಟಿಯಾಗುತ್ತವೆ, ಬೇಗ ದಣಿಯದಂತಾಗುತ್ತವೆ, ಅಷ್ಟೆ. 100 ಮೀಟರ್ ಓಟಗಾರರ ದಪ್ಪ ತೊಡೆಗೆ ಕಾರಣ ಬೇರೆ. ಅದನ್ನು ಮುಂದೆ ನೋಡೋಣ.

ಸ್ನಾಯು ದಪ್ಪವಾಗುವುದು ಯಾವಾಗ?

ಸ್ನಾಯು ಬೆಳೆಯಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಬೇಕು. ಮೊದಲನೆಯದು, ಸ್ನಾಯು ತಡೆದುಕೊಳ್ಳಲು ಕಷ್ಟಪಡುವಷ್ಟು ಭಾರ, ಮತ್ತು ಆ ಭಾರ ವಾರದಿಂದ ವಾರಕ್ಕೆ ಏರುತ್ತಾ ಹೋಗುವುದು. ಎರಡನೆಯದು, ಸ್ನಾಯು ಕಟ್ಟಲು ಬೇಕಾದ ಪ್ರೋಟೀನ್. ಮೂರನೆಯದು, ಖರ್ಚಾದದ್ದಕ್ಕಿಂತ ಹೆಚ್ಚಿನ ಅಥವಾ ಕನಿಷ್ಠ ಅಷ್ಟೇ ಕ್ಯಾಲೊರಿಯ ಊಟ.

ಜಿಮ್‌ನಲ್ಲಿ ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆಯುವವರನ್ನು ನೋಡಿ. ಎಂಟು, ಹತ್ತು, ಹನ್ನೆರಡು ಸಲ ಮಾಡುವಷ್ಟರಲ್ಲಿ ಕಾಲು ಸೋತುಹೋಗುತ್ತದೆ. ಸ್ವಲ್ಪ ವಿಶ್ರಾಂತಿ, ಮತ್ತೆ ಅದೇ. "ಈ ಭಾರಕ್ಕೆ ಇರುವ ಸ್ನಾಯು ಸಾಲದು" ಎಂಬ ಸಂದೇಶ ದೇಹಕ್ಕೆ ಹೋಗುತ್ತದೆ. ದೇಹ ಸ್ನಾಯುವಿನ ಎಳೆಗಳನ್ನು ದಪ್ಪ ಮಾಡುತ್ತದೆ.

ಈಗ ಓಟಕ್ಕೆ ಬನ್ನಿ. ಸಾಧಾರಣ ವೇಗದಲ್ಲಿ ಐದು ಕಿಲೋಮೀಟರ್ ಓಡಿದರೆ ಸುಮಾರು 5,000 ಹೆಜ್ಜೆಗಳಾಗುತ್ತವೆ. ಅಂದರೆ ಒಂದೊಂದು ಕಾಲಿಗೆ 2,500 ಸಲ ಅದೇ ಕೆಲಸ. ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ, ನಿಜ. ಆದರೆ ನಿಲ್ಲಿಸದೆ 2,500 ಸಲ ಮಾಡಲು ಆಗುವ ಕೆಲಸ ಸ್ನಾಯುವಿಗೆ ಭಾರದ ಕೆಲಸವಲ್ಲ. ಅದು ದೀರ್ಘಕಾಲದ ಕೆಲಸ. ದೇಹಕ್ಕೆ ಹೋಗುವ ಸಂದೇಶವೂ ಬೇರೆ: "ದಪ್ಪ ಸ್ನಾಯು ಬೇಡ, ಬೇಗ ದಣಿಯದ ಸ್ನಾಯು ಬೇಕು."

ಹಾಗಾಗಿ ಓಟಗಾರರ ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಹಾರದಿಂದ ಶಕ್ತಿ ತೆಗೆಯುವ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಇದೆಲ್ಲ ಒಳಗಿನ ಬದಲಾವಣೆ. ಹೊರಗಿನಿಂದ ಟೇಪ್ ಹಿಡಿದು ಅಳೆದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ಕಾಲಿನಲ್ಲಿ ಎರಡು ಬಗೆಯ ಎಳೆಗಳಿವೆ

ಎಲ್ಲರ ಕಾಲಿನಲ್ಲೂ ಮುಖ್ಯವಾಗಿ ಎರಡು ಬಗೆಯ ಸ್ನಾಯು ಎಳೆಗಳಿರುತ್ತವೆ. ನಿಧಾನ ಎಳೆಗಳು ಕಡಿಮೆ ಬಲ ಕೊಡುತ್ತವೆ, ಆದರೆ ಗಂಟೆಗಟ್ಟಲೆ ದುಡಿಯುತ್ತವೆ. ವೇಗದ ಎಳೆಗಳು ಒಮ್ಮೆಲೇ ಹೆಚ್ಚು ಬಲ ಕೊಡುತ್ತವೆ, ಬೇಗ ದಣಿಯುತ್ತವೆ. ದಪ್ಪವಾಗುವ ಗುಣ ವೇಗದ ಎಳೆಗಳಿಗೇ ಹೆಚ್ಚು.

ದೂರದ ಓಟದಲ್ಲಿ ಹೆಚ್ಚಾಗಿ ದುಡಿಯುವುದು ನಿಧಾನ ಎಳೆಗಳು. ಮ್ಯಾರಥಾನ್‌ಗೆ ಹಲವು ವಾರ ತಯಾರಿ ನಡೆಸಿದ ಹವ್ಯಾಸಿ ಓಟಗಾರರ ಮೀನಖಂಡದಿಂದ ಚೂರು ಸ್ನಾಯು ತೆಗೆದು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, ಎಳೆಗಳು ದಪ್ಪವಾಗುವ ಬದಲು ಸಣ್ಣಗಾಗಿದ್ದವು. ಹಾಗಂತ ಅವು ದುರ್ಬಲವಾಗಿರಲಿಲ್ಲ. ಗಾತ್ರ ಇಳಿದರೂ ಕೆಲಸದ ಸಾಮರ್ಥ್ಯ ಉಳಿದಿತ್ತು.

ಹಾಗಾದರೆ ಉಸೇನ್ ಬೋಲ್ಟ್ ತೊಡೆ?

ಫಾರ್ವರ್ಡ್ ಫೋಟೊಗಳಲ್ಲಿ ಇರುವುದು ಹೆಚ್ಚಾಗಿ 100 ಅಥವಾ 200 ಮೀಟರ್ ಓಟಗಾರರು. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಜಮೈಕಾದ ಉಸೇನ್ ಬೋಲ್ಟ್ ಅವರ ಎತ್ತರ 1.95 ಮೀಟರ್, ತೂಕ 90 ಕೆ.ಜಿ.ಗೂ ಹೆಚ್ಚು. ಅದೇ ಬರ್ಲಿನ್‌ನಲ್ಲಿ 2022ರಲ್ಲಿ 42.195 ಕಿಲೋಮೀಟರ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ ಮುಗಿಸಿದ ಕೆನ್ಯಾದ ಎಲಿಯುಡ್ ಕಿಪ್ಚೋಗೆ ಅವರ ತೂಕ 60 ಕೆ.ಜಿ.ಗಿಂತ ಕಡಿಮೆ. ಕಾಲುಗಳು ಕಡ್ಡಿಯಂತೆ ಸಪೂರ.

ಇಬ್ಬರೂ ಓಟಗಾರರೇ. ಓಟವೇ ಕಾಲನ್ನು ದಪ್ಪ ಮಾಡುವುದಾಗಿದ್ದರೆ, ವಾರಕ್ಕೆ ನೂರಾರು ಕಿಲೋಮೀಟರ್ ಓಡುವ ಕಿಪ್ಚೋಗೆ ಅವರ ಕಾಲು ಇನ್ನೂ ದಪ್ಪ ಇರಬೇಕಿತ್ತು. ಆದರೆ ಇರುವುದು ಅದರ ಉಲ್ಟಾ.

ವ್ಯತ್ಯಾಸಕ್ಕೆ ಕಾರಣ ಎರಡು. ಒಂದು, ಹುಟ್ಟಿನಿಂದ ಬಂದ ಮೈಕಟ್ಟು. ವೇಗದ ಎಳೆಗಳು ಹೆಚ್ಚಿರುವವರೇ ಸಾಮಾನ್ಯವಾಗಿ ಕಡಿಮೆ ದೂರದ ಓಟದಲ್ಲಿ ಗೆದ್ದು ಮೇಲೆ ಬರುತ್ತಾರೆ. ಎರಡು, ವೇಗದ ಓಟಗಾರರು ಬರೀ ಓಡುವುದಿಲ್ಲ. ವರ್ಷಗಟ್ಟಲೆ ಜಿಮ್‌ನಲ್ಲಿ ಭಾರ ಎತ್ತುತ್ತಾರೆ, ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ ಊಟ ಮಾಡುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಡುವವರೆಲ್ಲ ಎತ್ತರ ಇದ್ದಾರೆ ಎಂದ ಮಾತ್ರಕ್ಕೆ ಬ್ಯಾಸ್ಕೆಟ್‌ಬಾಲ್ ಆಡಿದರೆ ಎತ್ತರ ಆಗುತ್ತೇವೆ ಎನ್ನಲಾಗದು. ಇದೂ ಹಾಗೆಯೇ.

ಇನ್ನು ನಮ್ಮ ದೇಶದ ಪಿ.ಟಿ. ಉಷಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿಸಿಕೊಂಡವರು. ಅಷ್ಟು ವೇಗದ ಓಟಗಾರ್ತಿಯ ಆಗಿನ ಫೋಟೊ ನೋಡಿ, ಕಾಲು ಎಷ್ಟು ಸಪೂರ ಇದೆ ಎಂದು ನಿಮಗೇ ತಿಳಿಯುತ್ತದೆ.

ಹೆಣ್ಣುಮಕ್ಕಳ ಕಾಲು ಗಂಡಸರ ಹಾಗೆ ಆಗುತ್ತದೆಯೇ?

ಆಗುವುದಿಲ್ಲ. ಸ್ನಾಯು ಬೆಳವಣಿಗೆಯಲ್ಲಿ ಟೆಸ್ಟೊಸ್ಟೆರಾನ್ ಹಾರ್ಮೋನಿನ ಪಾತ್ರ ದೊಡ್ಡದು. ವಯಸ್ಕ ಗಂಡಸರ ರಕ್ತದಲ್ಲಿ ಇದು ಹೆಂಗಸರಲ್ಲಿ ಇರುವುದಕ್ಕಿಂತ ಸುಮಾರು 15 ಪಟ್ಟು ಹೆಚ್ಚು. ಹೆಣ್ಣುಮಕ್ಕಳು ಜಿಮ್‌ಗೆ ಹೋಗಿ ಭಾರ ಎತ್ತಿದರೆ ಅವರ ಸ್ನಾಯುವೂ ಬೆಳೆಯುತ್ತದೆ. ಆದರೆ ಮೊದಲಿಗೇ ಸ್ನಾಯುವಿನ ಪ್ರಮಾಣ ಕಡಿಮೆ ಇರುವುದರಿಂದ ಒಟ್ಟು ಬೆಳವಣಿಗೆಯೂ ಕಡಿಮೆ. ಅದಕ್ಕೂ ತಿಂಗಳುಗಟ್ಟಲೆ ಪಟ್ಟು ಹಿಡಿದ ಅಭ್ಯಾಸ ಬೇಕು. ಬೆಳಿಗ್ಗೆ ಅರ್ಧ ಗಂಟೆ ಓಡುವುದರಿಂದ ಆಗುವ ಕೆಲಸ ಅದಲ್ಲ.

"ಆದರೆ ಓಡಲು ಶುರುಮಾಡಿದ ಮೇಲೆ ನನ್ನ ಪ್ಯಾಂಟ್ ಬಿಗಿಯಾಗಿದೆಯಲ್ಲ?"

ಈ ಪ್ರಶ್ನೆ ಕೇಳುವವರು ಸುಳ್ಳು ಹೇಳುತ್ತಿಲ್ಲ. ಮೊದಲ ಕೆಲವು ವಾರ ಹೀಗೆ ಅನ್ನಿಸಬಹುದು. ಕಾರಣಗಳು ಇವು:

• ಓಡಿದ ಕೂಡಲೇ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುವುದರಿಂದ ಕಾಲು ಉಬ್ಬಿದಂತೆ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

• ಅಭ್ಯಾಸವಿಲ್ಲದ ಕೆಲಸದಿಂದ ಒಂದೆರಡು ದಿನ ಕಾಲು ನೋವು, ಸಣ್ಣ ಊತ ಇರುತ್ತದೆ. ಇದೂ ತಾತ್ಕಾಲಿಕ.

• ಓಡುವವರ ಸ್ನಾಯು ಗ್ಲೈಕೋಜನ್ ರೂಪದಲ್ಲಿ ಹೆಚ್ಚು ಶಕ್ತಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ. ತೂಕದ ಯಂತ್ರ ಸ್ವಲ್ಪ ಹೆಚ್ಚು ತೋರಿಸಿದರೆ ಅದು ಕೊಬ್ಬೂ ಅಲ್ಲ, ಹೊಸ ಸ್ನಾಯುವೂ ಅಲ್ಲ.

• ಓಡಿ ಬಂದ ಮೇಲೆ ಹಸಿವು ಜಾಸ್ತಿ. 60 ಕೆ.ಜಿ. ತೂಕದವರು ಐದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು 300 ಕ್ಯಾಲೊರಿ. "ಓಡಿದ್ದೀನಲ್ಲ" ಎಂದು ಅದಕ್ಕಿಂತ ಹೆಚ್ಚು ತಿಂದರೆ ತೊಡೆಯಲ್ಲಿ ಕೊಬ್ಬು ಸೇರಬಹುದು. ಆಗ ಕಾರಣ ಓಟವಲ್ಲ, ತಟ್ಟೆ.

• ಕೊಬ್ಬು ಕರಗಿದಾಗ ಅದರಡಿ ಮೊದಲೇ ಇದ್ದ ಸ್ನಾಯುವಿನ ಆಕಾರ ಎದ್ದು ಕಾಣುತ್ತದೆ. ಹೊಸದಾಗಿ ಬೆಳೆದಂತೆ ತೋರುತ್ತದೆ.

ಈ ಮಾತಿನಲ್ಲಿ ನಿಜ ಒಂಚೂರೂ ಇಲ್ಲವೇ?

ಒಂಚೂರು ಇದೆ. ವರ್ಷಗಳಿಂದ ವ್ಯಾಯಾಮವೇ ಮಾಡದ, ಕುಳಿತೇ ಕೆಲಸ ಮಾಡುವವರ ಕಾಲಿನ ಸ್ನಾಯು ಸೊರಗಿರುತ್ತದೆ. ಅವರು ಓಡಲು ಅಥವಾ ಸೈಕಲ್ ತುಳಿಯಲು ಶುರುಮಾಡಿದರೆ ಮೊದಲ ತಿಂಗಳುಗಳಲ್ಲಿ ಸ್ನಾಯು ಸ್ವಲ್ಪ ಬೆಳೆಯಬಹುದು. ಕಡಿದಾದ ಏರಿನಲ್ಲಿ ಪದೇ ಪದೇ ರಭಸದಿಂದ ಓಡುವವರಿಗೂ ಹಾಗೆ ಆಗಬಹುದು. ಆದರೆ ಅದು ಕಳೆದುಕೊಂಡದ್ದನ್ನು ಮರಳಿ ಪಡೆಯುವಷ್ಟು ಮಾತ್ರ. ವಯಸ್ಸಾದಂತೆ ಸ್ನಾಯು ಕರಗುವುದು ಸಹಜವಾದ್ದರಿಂದ, ಅದು ಬೇಕಾದ ಬದಲಾವಣೆಯೇ.

ಇನ್ನು ಮೀನಖಂಡದ ಆಕಾರ ಬಹುಮಟ್ಟಿಗೆ ತಂದೆತಾಯಿಯಿಂದ ಬಂದದ್ದು. ಸ್ನಾಯು ಎಲ್ಲಿ ಮುಗಿದು ಹಿಮ್ಮಡಿಯ ಸ್ನಾಯುರಜ್ಜು ಎಲ್ಲಿ ಶುರುವಾಗುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ತರಹ. ಓಡಿದರೂ ಬಿಟ್ಟರೂ ಅದು ಬದಲಾಗದು. ಹಾಗೆಯೇ ಓಡಿದರೆ ತೊಡೆಯ ಕೊಬ್ಬು ಮಾತ್ರ ಕರಗುತ್ತದೆ ಎಂಬುದೂ ತಪ್ಪು. ಕೊಬ್ಬು ಎಲ್ಲಿಂದ ಕರಗಬೇಕು ಎಂದು ನಾವು ಆರಿಸಲು ಆಗುವುದಿಲ್ಲ.

ಈ ಹೆದರಿಕೆ ಇಂದಿನದಲ್ಲ

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಸಲ 800 ಮೀಟರ್ ಓಡಿದರು. ಓಟ ಮುಗಿಸಿ ಸುಸ್ತಾದವರನ್ನು ಕಂಡು ಪತ್ರಿಕೆಗಳು ಇದು ಹೆಣ್ಣಿನ ದೇಹಕ್ಕೆ ಆಗದ ಕೆಲಸ ಎಂದು ಉತ್ಪ್ರೇಕ್ಷೆ ಮಾಡಿ ಬರೆದವು. ಆ ಸ್ಪರ್ಧೆಯನ್ನೇ ಕೈಬಿಡಲಾಯಿತು. ಅದು ಮರಳಿದ್ದು 1960ರಲ್ಲಿ, ರೋಮ್‌ನಲ್ಲಿ. 1967ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡುತ್ತಿದ್ದ ಕ್ಯಾಥರಿನ್ ಸ್ವಿಟ್ಜರ್ ಅವರನ್ನು ಅಧಿಕಾರಿಯೊಬ್ಬರು ರಸ್ತೆಯಲ್ಲೇ ಹಿಡಿದೆಳೆಯಲು ಹೋದರು. ಓಡಿದರೆ ಹೆಣ್ಣಿನ ಕಾಲು ದಪ್ಪವಾಗುತ್ತದೆ, ಗರ್ಭಕೋಶ ಜಾರುತ್ತದೆ ಎಂಬ ಮಾತು ಆಗ ಅಮೆರಿಕದಲ್ಲೂ ಇತ್ತು. ಆಕೆ ಓಟ ಮುಗಿಸಿದರು. 1984ರಲ್ಲಿ ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೇ ಸೇರಿತು. ಗರ್ಭಕೋಶದ ಮಾತು ಹಿಂದೆ ಸರಿಯಿತು, ಕಾಲಿನ ಮಾತು ಮಾತ್ರ ವಾಟ್ಸ್‌ಆ್ಯಪ್‌ವರೆಗೂ ಬಂತು.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರ 2016ರ ಅಂಕಿಅಂಶದ ಪ್ರಕಾರ, ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ ಶೇ. 85ರಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಹುಡುಗರಲ್ಲಿ ಇದು ಶೇ. 78. ಈ ವಯಸ್ಸಿನಲ್ಲೇ ಮೂಳೆ ಗಟ್ಟಿಯಾಗಬೇಕು. ಅದಕ್ಕೆ ಓಟ, ಜಿಗಿತ ಒಳ್ಳೆಯ ವ್ಯಾಯಾಮ. ಶಾಲೆಯ ಮೈದಾನದಲ್ಲಿ ಚೆನ್ನಾಗಿ ಓಡುವ ಹುಡುಗಿಯೊಬ್ಬಳು "ಕಾಲು ದಪ್ಪ ಆಗುತ್ತೆ ಕಣೇ" ಎಂಬ ಮಾತಿಗೆ ಓಟ ಬಿಟ್ಟರೆ ಅವಳು ಕಳೆದುಕೊಳ್ಳುವುದು ಪದಕವನ್ನಷ್ಟೇ ಅಲ್ಲ.

ಕಾಲು ನಿಜವಾಗಿಯೂ ದಪ್ಪವಾಗುತ್ತಿದ್ದರೆ?

ಎಲ್ಲ ಊತವನ್ನೂ ಓಟದ ತಲೆಗೆ ಕಟ್ಟಬೇಡಿ. ಕೆಳಗಿನ ಲಕ್ಷಣಗಳಿದ್ದರೆ ವೈದ್ಯರನ್ನು ಕಾಣಿ:

• ಒಂದೇ ಕಾಲು ಊದಿ, ನೋವಿದ್ದು, ಮುಟ್ಟಿದರೆ ಬಿಸಿ ಅನ್ನಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಟದ ತೊಂದರೆ, ಎದೆನೋವು ಇದ್ದರೆ ಅದು ತುರ್ತುಸ್ಥಿತಿ.

• ಎರಡೂ ಕಾಲು ಊದಿ, ಬೆರಳಿನಿಂದ ಒತ್ತಿದರೆ ಗುಳಿ ಬಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ಪರೀಕ್ಷೆ ಬೇಕಾಗಬಹುದು.

• ನಿಧಾನವಾಗಿ ಹೆಚ್ಚುತ್ತಾ ಹೋಗುವ, ಚರ್ಮ ದಪ್ಪವಾಗುವ ಊತ ಆನೆಕಾಲು ರೋಗವಿರಬಹುದು. ಇದು ಸೊಳ್ಳೆಯಿಂದ ಹರಡುತ್ತದೆ. ಕರಾವಳಿ ಮತ್ತು ಕಲ್ಯಾಣ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಹಿಂದಿನಿಂದಲೂ ಕಂಡುಬಂದಿದೆ.

• ಕಾಲು ಸಣ್ಣಗಾಗಲೆಂದು ಊಟ ಬಿಟ್ಟು ಓಡುತ್ತಿದ್ದು, ಮುಟ್ಟು ತಪ್ಪುತ್ತಿದ್ದರೆ ಅದನ್ನು ಕಡೆಗಣಿಸಬೇಡಿ. ದೇಹಕ್ಕೆ ಆಹಾರ ಸಾಲುತ್ತಿಲ್ಲ ಎಂದರ್ಥ.

ಎಷ್ಟು ಓಡಬೇಕು?

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಸಾಧಾರಣ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಓಟದಂಥ ಜೋರು ವ್ಯಾಯಾಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಹೊಸಬರು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂದು ಶುರುಮಾಡಿ, ನಿಧಾನವಾಗಿ ಹೆಚ್ಚಿಸಿ. ಹೃದಯದ ತೊಂದರೆ, ಮಂಡಿನೋವು ಇದ್ದವರು ಮೊದಲು ವೈದ್ಯರನ್ನು ಕೇಳಿ.

ಗ್ರೂಪ್‌ನಲ್ಲಿ ಈ ಸಂದೇಶ ಬಂದರೆ ಹೀಗೆ ಉತ್ತರಿಸಿ

"ಸಾಧಾರಣ ಓಟದಿಂದ ಕಾಲು ದಪ್ಪವಾಗುವುದಿಲ್ಲ. ಸ್ನಾಯು ಉಬ್ಬಬೇಕಾದರೆ ಭಾರ ಎತ್ತಬೇಕು, ಅದಕ್ಕೆ ತಕ್ಕ ಊಟ ಬೇಕು. ಮ್ಯಾರಥಾನ್ ಓಡುವವರ ಕಾಲು ನೋಡಿ, ಎಷ್ಟು ಸಪೂರ ಇದೆ. ಮಗಳು ಓಡಲಿ ಬಿಡಿ."