ಚೆಂಡು ಮುಟ್ಟದೆ ಸೋತವರು

1962ರ ಡಿಸೆಂಬರ್ 23, ಟೆಕ್ಸಾಸ್‌ನ ಹ್ಯೂಸ್ಟನ್ ನಗರ. ಅಮೆರಿಕನ್ ಫುಟ್‌ಬಾಲ್ ಲೀಗ್‌ನ ಫೈನಲ್‌ನಲ್ಲಿ ಡಲ್ಲಾಸ್ ಟೆಕ್ಸನ್ಸ್ ಮತ್ತು ಹ್ಯೂಸ್ಟನ್ ಆಯ್ಲರ್ಸ್ 17–17ರಲ್ಲಿ ಸಮನಾಗಿ ನಿಂತವು. ಹೆಚ್ಚುವರಿ ಸಮಯಕ್ಕೆ ಟಾಸ್ ಹಾಕಬೇಕು. ಗಾಳಿ ಜೋರಾಗಿತ್ತು. ಡಲ್ಲಾಸ್ ಕೋಚ್ ಹ್ಯಾಂಕ್ ಸ್ಟ್ರ್ಯಾಮ್‌ಗೆ ಚೆಂಡಿಗಿಂತ ಬೆನ್ನಿಗೆ ಗಾಳಿ ಇರುವುದೇ ಮುಖ್ಯವೆನಿಸಿತು. ಹಾಗೆಂದು ನಾಯಕ ಆಬ್ನರ್ ಹೇನ್ಸ್‌ಗೆ ಹೇಳಿಯೂ ಕಳಿಸಿದರು. ಟಾಸ್ ಗೆದ್ದ ಹೇನ್ಸ್, ಮೈದಾನದ ಗಡಿಯಾರವಿದ್ದ ತುದಿಯ ಕಡೆಗೆ ಒದೆಯುತ್ತೇವೆ ಎಂದುಬಿಟ್ಟರು. ಗೆದ್ದವರು ಕೇಳಬಹುದಾದದ್ದು ಒಂದನ್ನೇ: ಚೆಂಡಿನ ವಿಚಾರ, ಇಲ್ಲವೇ ಮೈದಾನದ ತುದಿ. ‘ಒದೆಯುತ್ತೇವೆ’ ಎಂದದ್ದೇ ಅವರ ಆಯ್ಕೆಯಾಯಿತು, ತುದಿಯನ್ನು ಆರಿಸುವ ಹಕ್ಕು ಹ್ಯೂಸ್ಟನ್ ಪಾಲಾಯಿತು. ಟಾಸ್ ಗೆದ್ದವರಿಗೆ ಚೆಂಡೂ ಇಲ್ಲ, ಗಾಳಿಯೂ ಇಲ್ಲ!

ಆದರೂ ಡಲ್ಲಾಸ್ ಗೆದ್ದಿತು. ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಟಾಮಿ ಬ್ರೂಕರ್ ಹೊಡೆದ ಫೀಲ್ಡ್ ಗೋಲ್ ಹೇನ್ಸ್ ಅವರ ಮಾನ ಕಾಪಾಡಿತು. ಚೆಂಡು ಮೊದಲು ಎದುರಾಳಿಗೆ ಹೋದರೂ ಪಂದ್ಯ ಕೈತಪ್ಪದ ಕಾಲ ಅದು.

ಈ ಆಟದಲ್ಲಿ ದಾಳಿ ಮಾಡುವ ಹನ್ನೊಂದು ಮಂದಿ ಬೇರೆ, ತಡೆಯುವ ಹನ್ನೊಂದು ಮಂದಿ ಬೇರೆ. ಚೆಂಡು ಹಿಡಿದ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ದೂರದಿಂದಲೇ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು ಅಂಕ. ತಂಡದ ಮಿದುಳಾದ ಕ್ವಾರ್ಟರ್‌ಬ್ಯಾಕ್ ತಡೆಯುವ ಸರದಿಯಲ್ಲಿ ಮೈದಾನಕ್ಕೇ ಇಳಿಯುವುದಿಲ್ಲ. ಹೆಚ್ಚುವರಿ ಸಮಯದ ಹಳೆಯ ನಿಯಮವಾದ ಸಡನ್ ಡೆತ್‌ನಲ್ಲಿ ಯಾರು ಮೊದಲು ಅಂಕ ಗಳಿಸಿದರೂ ಪಂದ್ಯ ಅಲ್ಲಿಗೇ ಖಲಾಸ್.

ಆ ನಿಯಮ ಹೆಸರಾದದ್ದು 1958ರ ಡಿಸೆಂಬರ್ 28ರಂದು. ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನ ಫೈನಲ್. ಕೊನೆಯ ಏಳು ಸೆಕೆಂಡು ಉಳಿದಿದ್ದಾಗ ಬಾಲ್ಟಿಮೋರ್ ಕೋಲ್ಟ್ಸ್‌ನ ಸ್ಟೀವ್ ಮೈರಾ ಫೀಲ್ಡ್ ಗೋಲ್ ಹೊಡೆದು ಸ್ಕೋರನ್ನು 17–17 ಮಾಡಿದರು. ಹೆಚ್ಚುವರಿ ಸಮಯದಲ್ಲಿ ಚೆಂಡು ಮೊದಲು ಸಿಕ್ಕಿದ್ದು ನ್ಯೂಯಾರ್ಕ್ ಜೈಂಟ್ಸ್‌ಗೆ. ಅವರಿಂದ ಹತ್ತು ಗಜವೂ ಸಾಗಲಿಲ್ಲ, ಚೆಂಡನ್ನು ಒದ್ದು ಬಿಟ್ಟುಕೊಟ್ಟರು. ಆಮೇಲೆ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಜಾನಿ ಯುನೈಟಸ್ ತಮ್ಮ ತಂಡವನ್ನು 80 ಗಜ ನಡೆಸಿಕೊಂಡು ಹೋದರು. ಗೆರೆ ತೀರಾ ಹತ್ತಿರ ಬಂದಮೇಲೂ ಕೋಲ್ಟ್ಸ್ ಫೀಲ್ಡ್ ಗೋಲ್‌ಗೆ ಕೈಹಾಕಲಿಲ್ಲ, ಏಕೆಂದರೆ ಮೈರಾ ಆ ವರ್ಷ ಹೊಡೆದದ್ದಕ್ಕಿಂತ ತಪ್ಪಿಸಿದ್ದೇ ಹೆಚ್ಚು. ಕಡೆಗೆ ಆಲನ್ ಅಮೀಚಿ ಒಂದು ಗಜ ನುಗ್ಗಿ 23–17ಕ್ಕೆ ಪಂದ್ಯ ಮುಗಿಸಿದರು. ಟಾಸ್ ಅನ್ಯಾಯವೆಂದು ದೂರಲು ಯಾರಿಗೂ ಕಾರಣವೇ ಇರಲಿಲ್ಲ.

ಅನ್ಯಾಯ ಹುಟ್ಟಿದ್ದು ನಿಯಮದಿಂದಲ್ಲ, ಅದರ ಸುತ್ತ ಬದಲಾದ ಆಟದಿಂದ. 1964ರಲ್ಲಿ ಕಿಕ್ಕರ್ ಪೀಟ್ ಗೊಗೊಲಾಕ್ ಚೆಂಡನ್ನು ಬೂಟಿನ ತುದಿಯಿಂದ ಒದೆಯುವ ಬದಲು ಸಾಕರ್ ಆಟಗಾರರಂತೆ ಪಕ್ಕದಿಂದ ಓಡಿಬಂದು ಒದೆಯುವುದನ್ನು ವೃತ್ತಿಪರ ಆಟಕ್ಕೆ ತಂದರು. ಕ್ರಮೇಣ ಎಲ್ಲರೂ ಅದನ್ನೇ ಹಿಡಿದರು, ಒದೆತ ದೂರವೂ ಹೋಯಿತು, ನೇರವೂ ಆಯಿತು. ಲೀಗ್ ಪಂದ್ಯಗಳಿಗೂ ಹದಿನೈದು ನಿಮಿಷದ ಸಡನ್ ಡೆತ್ ಬಂದದ್ದು 1974ರಲ್ಲಿ. ಅದೇ ವರ್ಷ ಗೋಲ್ ಕಂಬಗಳನ್ನು ಹತ್ತು ಗಜ ಹಿಂದಕ್ಕೆ ನೆಟ್ಟು ಕಿಕ್ಕರ್‌ಗಳ ಕೆಲಸ ಕಷ್ಟ ಮಾಡಿದ್ದರಿಂದ ಸುಮಾರು ಇಪ್ಪತ್ತು ವರ್ಷ ತಕ್ಕಡಿ ಹೆಚ್ಚುಕಡಿಮೆ ಸಮನಾಗಿಯೇ ಇತ್ತು. 1994ರಲ್ಲಿ ಆರಂಭದ ಒದೆತದ ಜಾಗವನ್ನು 35 ಗಜದ ಗೆರೆಯಿಂದ 30ಕ್ಕೆ ಸರಿಸಿದರು. ಚೆಂಡು ಪಡೆಯುವವರು ಇನ್ನಷ್ಟು ಮುಂದಿನಿಂದ ಆಟ ಶುರುಮಾಡತೊಡಗಿದರು. ಎರಡು ಒಳ್ಳೆಯ ಪಾಸ್, ಒಂದು ಒದೆತ, ಅಷ್ಟೇ ಸಾಕಾಗಿತ್ತು. 1994ರಿಂದ 2009ರವರೆಗೆ ಟಾಸ್ ಗೆದ್ದವರು ಸುಮಾರು ಶೇಕಡಾ 60ರಷ್ಟು ಪಂದ್ಯಗಳನ್ನು ಗೆದ್ದರು.

ಅಂಕಿಅಂಶ ಮಾತ್ರದಿಂದ ತಂಡದ ಮಾಲೀಕರ ಮನಸ್ಸು ಕರಗುವುದಿಲ್ಲ. ಅದಕ್ಕೆ ಬೆಂಚಿನಲ್ಲಿ ಕೂತ ಒಬ್ಬ ತಾರೆ ಬೇಕು, ಅದನ್ನು ತೋರಿಸುವ ಟಿವಿ ಬೇಕು. 2010ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಟಾಸ್ ಗೆದ್ದು, ಗ್ಯಾರೆಟ್ ಹಾರ್ಟ್ಲಿಯ 40 ಗಜದ ಒದೆತದಿಂದ ಮಿನೆಸೋಟ ವೈಕಿಂಗ್ಸ್ ಅನ್ನು ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ ಹೊಸ್ತಿಲಲ್ಲೇ ತಡೆದರು. ಮಿನೆಸೋಟದ ಕ್ವಾರ್ಟರ್‌ಬ್ಯಾಕ್, ನಲವತ್ತರ ಬ್ರೆಟ್ ಫಾರ್ವ್ ಹೆಚ್ಚುವರಿ ಸಮಯದಲ್ಲಿ ಚೆಂಡು ಮುಟ್ಟಲೇ ಇಲ್ಲ. ಎರಡು ತಿಂಗಳೊಳಗೆ ಮಾಲೀಕರು 28–4 ಮತಗಳಿಂದ ಪ್ಲೇಆಫ್, ಅಂದರೆ ನಾಕೌಟ್ ಪಂದ್ಯಗಳ ನಿಯಮ ಬದಲಿಸಿದರು: ಮೊದಲ ಸರದಿಯಲ್ಲಿ ಬರೀ ಫೀಲ್ಡ್ ಗೋಲ್ ಬಂದರೆ ಎದುರಾಳಿಗೂ ಒಂದು ಅವಕಾಶ, ಟಚ್‌ಡೌನ್ ಆದರೆ ಮಾತ್ರ ಪಂದ್ಯ ಮುಗಿದಂತೆ. ತಮಾಷೆಯೆಂದರೆ, ವಿರೋಧಿಸಿದ ನಾಲ್ಕು ತಂಡಗಳಲ್ಲಿ ಮಿನೆಸೋಟವೂ ಒಂದು!

ಅರ್ಧ ತಿದ್ದುಪಡಿ ಅರ್ಧ ಕೆಲಸವನ್ನೇ ಮಾಡಿತು. 2017ರ ಸೂಪರ್ ಬೌಲ್‌ನಲ್ಲಿ ಅಟ್ಲಾಂಟಾ ಫಾಲ್ಕನ್ಸ್ 28–3ರಿಂದ ಮುಂದಿದ್ದರು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸಮ ಮಾಡಿ, ಟಾಸ್ ಗೆದ್ದು, ಮೊದಲ ಸರದಿಯಲ್ಲೇ ಟಚ್‌ಡೌನ್ ಹೊಡೆದರು. ಎರಡು ವರ್ಷದ ನಂತರ ಅದೇ ಪೇಟ್ರಿಯಟ್ಸ್ ಕಾನ್ಸಾಸ್ ಸಿಟಿ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್‌ರನ್ನು ಬೆಂಚಿನಲ್ಲೇ ಉಳಿಸಿ ಗೆದ್ದರು. ನಿಯಮ ಬದಲಿಸಿ ಎಂದು ಆಗ ಚೀಫ್ಸ್ ಇಟ್ಟ ಪ್ರಸ್ತಾವ ಬಿದ್ದುಹೋಯಿತು. 2022ರ ಜನವರಿ 23ರಂದು ಅದೇ ಚೀಫ್ಸ್ ಆ ನಿಯಮದ ಫಲ ಉಂಡರು. ಬಫಲೋ ಬಿಲ್ಸ್ ಜೊತೆಗಿನ ಪಂದ್ಯದ ಕೊನೆಯ ಎರಡು ನಿಮಿಷಗಳಲ್ಲಿ ಎರಡೂ ತಂಡಗಳಿಂದ 25 ಅಂಕ ಬಂದವು, ಸ್ಕೋರು 36–36. ಬಫಲೋದ ಕ್ವಾರ್ಟರ್‌ಬ್ಯಾಕ್ ಜಾಷ್ ಆಲನ್ ‘ಟೇಲ್ಸ್’ ಎಂದರು, ಬಿದ್ದದ್ದು ಹೆಡ್ಸ್. ಆಲನ್‌ಗೆ ಮತ್ತೆ ಚೆಂಡು ಸಿಗಲೇ ಇಲ್ಲ.

ತಡೆಯುವುದೂ ಆಟವೇ, ತಡೆಯಲಾಗದವರು ಸೋಲಲಿ ಎಂಬ ವಾದ ಆಗಲೂ ಕೇಳಿಬಂತು. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒಂದು ತಂಡದ ತಡೆಗಾರರನ್ನು ಮಾತ್ರ ಪರೀಕ್ಷೆಗೆ ಕೂರಿಸಿ ಇನ್ನೊಂದನ್ನು ಹಾಗೇ ಪಾಸು ಮಾಡುವುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ. 2010ರ ನಿಯಮದಡಿ ನಡೆದ 12 ಪ್ಲೇಆಫ್ ಹೆಚ್ಚುವರಿ ಆಟಗಳಲ್ಲಿ 10ನ್ನು ಟಾಸ್ ಗೆದ್ದವರೇ ಗೆದ್ದಿದ್ದರು, ಅದರಲ್ಲಿ ಏಳು ಮೊದಲ ಸರದಿಯಲ್ಲೇ. 2022ರ ಮಾರ್ಚ್‌ನಲ್ಲಿ 29–3 ಮತಗಳಿಂದ ಪ್ಲೇಆಫ್‌ನಲ್ಲಿ ಇಬ್ಬರಿಗೂ ಒಂದೊಂದು ಸರದಿ ಖಚಿತವಾಯಿತು. ಮಿನೆಸೋಟ ಈ ಸಲವೂ ಬೇಡವೆಂದಿತು.

ಇದಕ್ಕಿಂತ ಜಾಣ ಪ್ರಸ್ತಾವವೊಂದನ್ನು ಬಾಲ್ಟಿಮೋರ್ ರೇವನ್ಸ್ 2021ರಲ್ಲೇ ಮುಂದಿಟ್ಟಿತ್ತು. ಆಟ ಎಲ್ಲಿಂದ ಶುರುವಾಗಬೇಕೆಂದು ಒಂದು ತಂಡ ಹೇಳಬೇಕು. ಅಲ್ಲಿಂದ ಚೆಂಡು ಹಿಡಿಯುವುದೋ ತಡೆಯುವುದೋ ಎಂದು ಇನ್ನೊಂದು ತಂಡ ಆರಿಸಬೇಕು. ಅಣ್ಣ ಜಮೀನಿನ ಪಾಲು ಮಾಡಲಿ, ತಮ್ಮ ಮೊದಲು ಆರಿಸಲಿ ಎನ್ನುವ ನಮ್ಮ ಹಳ್ಳಿಗಳ ನ್ಯಾಯದಂತೆಯೇ. ಮಾಲೀಕರು ಒಪ್ಪಲಿಲ್ಲ.

2022ರ ಹೊಸ ನಿಯಮ ಟಾಸ್‌ನ ಲಾಭವನ್ನು ಅಳಿಸಲಿಲ್ಲ, ಸ್ಥಳಾಂತರಿಸಿತು. 2024ರ ಫೆಬ್ರವರಿಯಲ್ಲಿ ಲಾಸ್ ವೇಗಸ್‌ನ ಸೂಪರ್ ಬೌಲ್‌ನಲ್ಲಿ ಚೀಫ್ಸ್ ಎದುರು ಸ್ಯಾನ್ ಫ್ರಾನ್ಸಿಸ್ಕೊ ಟಾಸ್ ಗೆದ್ದು ಚೆಂಡು ಕೇಳಿತು. ಇಬ್ಬರೂ ಸಮನಾದರೆ ಮತ್ತೆ ಸಡನ್ ಡೆತ್, ಆಗ ಮೂರನೆಯ ಸರದಿ ತಮ್ಮದಾಗುತ್ತದೆ ಎಂಬುದು ಕೋಚ್ ಕೈಲ್ ಶಾನಹಾನ್ ಲೆಕ್ಕ. ಫೀಲ್ಡ್ ಗೋಲ್ ಬಂತು, 22–19. ಈಗ ಏನು ಬೇಕೆಂದು ಚೀಫ್ಸ್‌ಗೆ ಕರಾರುವಾಕ್ಕಾಗಿ ಗೊತ್ತಿತ್ತು. ತಮ್ಮದೇ 34 ಗಜದ ಗೆರೆಯಲ್ಲಿ ನಾಲ್ಕನೆಯ ಯತ್ನ, ಬೇಕಾದದ್ದು ಒಂದು ಗಜ. ಬೇರೆ ಹೊತ್ತಿನಲ್ಲಾದರೆ ಅಲ್ಲಿಂದ ಚೆಂಡನ್ನು ಒದ್ದು ಕಳಿಸುತ್ತಾರೆ. ಮಹೋಮ್ಸ್ ಚೆಂಡು ಹಿಡಿದು ತಾವೇ ಎಂಟು ಗಜ ಓಡಿದರು. ಸ್ವಲ್ಪ ಹೊತ್ತಿಗೆ ಮೆಕೋಲ್ ಹಾರ್ಡ್‌ಮನ್‌ಗೆ ಕೊಟ್ಟ ಪಾಸ್‌ನಿಂದ 25–22. ಹೊಸ ನಿಯಮವೇ ತಮಗೆ ಗೊತ್ತಿರಲಿಲ್ಲವೆಂದು ಸೋತ ತಂಡದ ಕೆಲವರು ಆಮೇಲೆ ಹೇಳಿದರು. ಗೆದ್ದವರು ಅದನ್ನು ತಿಂಗಳುಗಟ್ಟಲೆ ಚರ್ಚಿಸಿದ್ದರು.

2025ರಲ್ಲಿ ಲೀಗ್ ಪಂದ್ಯಗಳಿಗೂ ಎರಡು ಸರದಿ ಬಂತು. ಆದರೆ ಆಟಗಾರರ ಸುರಕ್ಷತೆಗಾಗಿ 2017ರಲ್ಲಿ ಹತ್ತು ನಿಮಿಷಕ್ಕೆ ಇಳಿಸಿದ್ದ ಅವಧಿಯನ್ನು ಹಿಗ್ಗಿಸಲಿಲ್ಲ. ಆ ಸೆಪ್ಟೆಂಬರ್ 28ರಂದು ಡಲ್ಲಾಸ್ ಕೌಬಾಯ್ಸ್ ಮೊದಲ ಸರದಿಯಲ್ಲಿ ಮೂರು ಅಂಕ ಗಳಿಸಿದರೆ, ಗ್ರೀನ್ ಬೇ ಪ್ಯಾಕರ್ಸ್ ತಮ್ಮ ಸರದಿಯಲ್ಲಿ ಗಡಿಯಾರ ಸೊನ್ನೆ ಮುಟ್ಟುವ ಹೊತ್ತಿಗೆ ಮೂರು ಅಂಕ ಗಳಿಸಿದರು. ಮೂರನೆಯ ಸರದಿಗೆ ಸಮಯ ಉಳಿಯಲಿಲ್ಲ. 40–40ಕ್ಕೆ ಎರಡೂ ತಂಡಗಳು ಅಂಕಪಟ್ಟಿಯಲ್ಲಿ ಒಂದೊಂದು ಡ್ರಾ ಬರೆಸಿಕೊಂಡು ಹೋದವು.